ಕೂಸಿನ ಹದಿನೆಂಟು ತಿಂಗಳು: ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದಂತೆ ನಾವು ಮಾಡುವ ಕೆಲಸ

ಕೊಪ್ಪಳ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಐಸಿಟಿಸಿ, ಎಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಲಹೆ ಕೇಂದ್ರ, ನಮ್ಮದು. ಮೇಜಿನ ಖಾನೆಯಲ್ಲಿ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ಇದೆ. ಸರ್ಕಾರದ ರಿಜಿಸ್ಟರ್ ಬೇರೆ, ಕಂಪ್ಯೂಟರ್ ಎಂಟ್ರಿ ಬೇರೆ. ಇದು ನಮ್ಮ ಅನುಕೂಲಕ್ಕೆ ನಾವೇ ಗೆರೆ ಎಳೆದುಕೊಂಡದ್ದು. ಎಚ್‌ಐವಿ ಇರುವ ಬಸುರಿ ಬಂದ ದಿನವೇ ಅವಳಿಗೊಂದು ಪುಟ. ಹೆಸರು ಬರೆಯುವುದಿಲ್ಲ, ಗುರುತಿಗೆ ಕೊಡುವ ಪಿಐಡಿ ನಂಬರ್ ಮಾತ್ರ. ಮುಂದಿನ ಎರಡು ವರ್ಷದ ತಾರೀಖುಗಳನ್ನೆಲ್ಲ ಅವತ್ತೇ ಪೆನ್ಸಿಲ್‌ನಲ್ಲಿ ಹಾಕಿಬಿಡುತ್ತೇವೆ: 32 ವಾರ ತುಂಬುವ ದಿನ, ಹೆರಿಗೆಯ ಅಂದಾಜು ದಿನ, ಅಲ್ಲಿಂದ 45ನೆಯ ದಿನ, ಆರು ತಿಂಗಳು, ಒಂದು ವರ್ಷ, ಒಂದೂವರೆ ವರ್ಷ. ಹೆರಿಗೆಯಾದ ಮೇಲೆ ಪೆನ್ಸಿಲ್ ಅಳಿಸಿ, ಕೂಸು ಹುಟ್ಟಿದ ದಿನದಿಂದ ಎಣಿಸಿ ಪೆನ್ನಿನಲ್ಲಿ ಬರೆಯುವುದು.

ಇವತ್ತಿನ ದಿನ ಒಂದು ಕೂಸಿಗೆ ಸೋಂಕು ದಾಟಿದೆ ಎಂದರೆ ಔಷಧ ಲಭ್ಯವಿಲ್ಲದ ಕಾರಣಕ್ಕೆ ದಾಟಿದ್ದು ಬಲು ಅಪರೂಪ. ಪುಟ ತಿರುವಿ ನೋಡಿದರೆ ಯಾವುದೋ ಒಂದು ತಾರೀಖು ಹಾರಿಹೋಗಿರುತ್ತದೆ. ನಮ್ಮ ಕಡೆ ತಾರೀಖು ಹಾರುವುದಕ್ಕೆ ಎರಡು ದೊಡ್ಡ ಕಾರಣ, ತವರು ಮತ್ತು ಗುಳೆ. ಕುಷ್ಟಗಿಯ ಸೊಸೆ ಹೆರಿಗೆಗೆ ಲಿಂಗಸುಗೂರಿನ ತವರಿಗೆ ಹೋಗುತ್ತಾಳೆ. ಬಸುರಿನಲ್ಲಿ ನೋಡಿದವರು ಒಬ್ಬರು, ಹೆರಿಗೆ ಮಾಡಿಸುವವರು ಇನ್ನೊಬ್ಬರು, 45ನೆಯ ದಿನ ರಕ್ತ ಪರೀಕ್ಷೆಗೆ ಕೂಸಿನ ಹಿಮ್ಮಡಿ ಚುಚ್ಚಬೇಕಾದವರು ಮತ್ತೊಬ್ಬರು. ಹಾಗಾಗಿ ಪ್ರತಿ ಪುಟದ ತಲೆಯಲ್ಲಿ ಮೂರು ವಿಳಾಸಕ್ಕೆ ಜಾಗ ಬಿಟ್ಟಿದ್ದೇವೆ: ಗಂಡನ ಮನೆ, ತವರುಮನೆ, ಗುಳೆ ಹೋಗುವ ಊರು. ಫೋನ್ ನಂಬರ್ ಮೂರು, ಪ್ರತಿ ನಂಬರಿನ ಮುಂದೆ ಯಾರದ್ದು, ಅವರಿಗೆ ವಿಷಯ ಗೊತ್ತೋ ಇಲ್ಲವೋ ಎಂಬ ಗುರುತು. ಗೊತ್ತಿಲ್ಲದವರು ಫೋನ್ ಎತ್ತಿದರೆ ಆಡುವ ಮಾತು ಒಂದೇ: "ದವಾಖಾನಿಯಿಂದ ರೀ, ಕೂಸಿನ ಸೂಜಿ ದಿನ ಹೇಳಾಕ ಮಾಡಿದ್ವಿ." ಈ ಮಾತಿಗೆ ತಾಯಿಯ ಒಪ್ಪಿಗೆಯನ್ನು ಮೊದಲೇ ತೆಗೆದುಕೊಂಡಿರಬೇಕು.

ಲೆಕ್ಕ ಹೀಗಿದೆ. ಏನೂ ಮಾಡದೆ ಬಿಟ್ಟರೆ ಎಚ್‌ಐವಿ ಇರುವ ತಾಯಂದಿರ 100 ಕೂಸುಗಳಲ್ಲಿ 15ರಿಂದ 45ಕ್ಕೆ ಸೋಂಕು ದಾಟುತ್ತದೆ. ಒಂದಷ್ಟು ಹೊಟ್ಟೆಯಲ್ಲಿದ್ದಾಗ, ಹೆಚ್ಚಿನದು ಹೆರಿಗೆಯ ಹೊತ್ತಿಗೆ, ಉಳಿದದ್ದು ಎದೆಹಾಲಿನಲ್ಲಿ. ಎಲ್ಲ ಹೆಜ್ಜೆ ನೆಟ್ಟಗೆ ಬಿದ್ದರೆ, ಎದೆಹಾಲು ಕುಡಿಸುವ ಕಡೆಯೂ ಇದು 5ಕ್ಕಿಂತ ಕೆಳಗಿಳಿಯುತ್ತದೆ. ಬಸುರಿಗೆ ಮುಂಚಿನಿಂದಲೇ ಔಷಧ ತಪ್ಪಿಸದ ತಾಯಂದಿರಲ್ಲಿ ಸೊನ್ನೆಯ ಹತ್ತಿರಕ್ಕೇ ಬರುತ್ತದೆ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದ ಪ್ರಯೋಗದ ಫಲಿತಾಂಶ ಬಂದಾಗ ಜಿಡೊವುಡಿನ್ ಒಂದೇ ಔಷಧ ಪ್ರಮಾಣವನ್ನು ನೂರಕ್ಕೆ 25ರಿಂದ 8ಕ್ಕೆ ಇಳಿಸಿದ್ದೇ ದೊಡ್ಡ ಸುದ್ದಿಯಾಗಿತ್ತು. 1999ರಲ್ಲಿ ಉಗಾಂಡದಿಂದ ನೆವಿರಾಪಿನ್ ಸುದ್ದಿ ಬಂತು: ನೋವು ಶುರುವಾದಾಗ ತಾಯಿಗೆ 200 ಮಿ.ಗ್ರಾಂ. ಒಂದು ಗುಳಿಗೆ, ಕೂಸಿಗೆ ಮೂರು ದಿನದೊಳಗೆ ಒಂದು ಗುಟುಕು ಸಿರಪ್. ಅಗ್ಗ, ಸುಲಭ. ನಮ್ಮ ದೇಶದ ಕಾರ್ಯಕ್ರಮವೂ ಸುಮಾರು ಹತ್ತು ವರ್ಷ ಇದರ ಮೇಲೆಯೇ ನಡೆಯಿತು. ಆದರೆ ನೆವಿರಾಪಿನ್ ಒಂದು ಸಲ ನುಂಗಿದರೆ ರಕ್ತದಲ್ಲಿ ವಾರಗಟ್ಟಲೆ ತೆಳುವಾಗಿ ಉಳಿಯುತ್ತದೆ. ವೈರಸ್ಸನ್ನು ಕೊಲ್ಲಲು ಅಷ್ಟು ಸಾಲದು, ಔಷಧಕ್ಕೆ ಒಗ್ಗಿಕೊಳ್ಳಲು ಸಾಕಾಗುತ್ತದೆ. ಮುಂದೆ ಅದೇ ತಾಯಿಗೆ ಅದೇ ಜಾತಿಯ ಔಷಧ ಬೇಕಾದಾಗ ಅದು ಕೈಕೊಡುತ್ತಿತ್ತು. 2014ರ ಜನವರಿ 1ರಿಂದ ದೇಶದಲ್ಲಿ ಆ ಪದ್ಧತಿ ಬಿಟ್ಟು, ಸಿಡಿ4 (ರೋಗ ತಡೆಯುವ ಒಂದು ಬಗೆಯ ರಕ್ತಕಣಗಳ ಎಣಿಕೆ) ಎಷ್ಟೇ ಇರಲಿ, ಪ್ರತಿ ಬಸುರಿಗೂ ಮೂರು ಔಷಧದ ಚಿಕಿತ್ಸೆಯನ್ನು ಜೀವನಪೂರ್ತಿ ಕೊಡುವುದು ಬಂತು. ಇಷ್ಟಾದರೂ ಹಳೆಯ ಕೈಗಳು ಹೆರಿಗೆ ಕೋಣೆಯಲ್ಲಿ "ಬ್ಯಾನಿ ಬಂದಾಗ ಕೊಡೋ ಗುಳಿಗಿ ಎಲ್ಲೈತಿ?" ಎಂದು ಕೇಳುವುದುಂಟು. ಆ ಗುಳಿಗೆಯ ಕಾಲ ಮುಗಿದಿದೆ ಎಂದು ಹೆರಿಗೆ ಕೋಣೆಯ ಗೋಡೆಗೇ ಬರೆದು ಅಂಟಿಸಿದ್ದೇವೆ.

ಪರೀಕ್ಷೆ ಮೊದಲ ತಪಾಸಣೆಯಲ್ಲೇ ಆಗಬೇಕು. ತಾಯಿ ಕಾರ್ಡ್ ಮಾಡಿಸಲು ಬಂದ ದಿನವೇ ಪಿಎಚ್‌ಸಿಯಲ್ಲಿ ಬೆರಳು ಚುಚ್ಚಿ ಒಂದು ಕಿಟ್ ಹಾಕುತ್ತಾರೆ. ಅದರಲ್ಲಿ ರಿಯಾಕ್ಟಿವ್, ಎಂದರೆ ಸೋಂಕಿನ ಸುಳಿವು, ಬಂದರೆ "ನಿಮಗೆ ಎಚ್‌ಐವಿ ಇದೆ" ಎಂದು ಅಲ್ಲಿ ಹೇಳಬಾರದು. "ಇನ್ನೊಂದು ಸಲ ರಕ್ತ ನೋಡಬೇಕು" ಎಂದಷ್ಟೇ ಹೇಳಿ ನಮ್ಮಲ್ಲಿಗೆ ಕಳಿಸಬೇಕು, ಆದರೆ ಆಶಾ ಜೊತೆಗೇ ಬರಬೇಕು. ಚೀಟಿ ಕೊಟ್ಟು ಒಬ್ಬಳನ್ನೇ ಕಳಿಸಿದರೆ ಅರ್ಧ ದಾರಿಯಲ್ಲಿ ಬಸ್ ಇಳಿದುಹೋಗುತ್ತಾಳೆ. ನಮ್ಮಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್ ಹಾಕುತ್ತೇವೆ. ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್. ಒಂದು ಹೌದು, ಇನ್ನೊಂದು ಅಲ್ಲ ಎಂದು ಬಂದರೆ ಎರಡು ವಾರ ಬಿಟ್ಟು ಮತ್ತೆ. ಅಷ್ಟು ದಿನ ಅವಳಿಗೆ ಏನು ಹೇಳುವುದು ಎಂಬುದೇ ಕೌನ್ಸೆಲಿಂಗ್‌ನ ಅತಿ ಕಷ್ಟದ ಭಾಗ. ಹುಷಾರಾಗಿ ಮಾತಾಡದಿದ್ದರೆ ಅವಳು ಎರಡನೆಯ ಸಲ ಬರುವುದೇ ಇಲ್ಲ.

ಮೂರನೆಯ ತಿಂಗಳಲ್ಲಿ ನೆಗೆಟಿವ್ ಬಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. ಬಸುರಿನಲ್ಲೋ ಬಾಣಂತನದಲ್ಲೋ ಹೊಸದಾಗಿ ಸೋಂಕು ತಗುಲಿದರೆ ಮೊದಲ ಕೆಲವು ವಾರ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ, ಕೂಸಿಗೆ ದಾಟುವ ಅಪಾಯ ಆಗಲೇ ಹೆಚ್ಚು. ಗಂಡ ಹೊರಗೆ ದುಡಿಯುವವನಾದರೆ, ಅವನ ಪರೀಕ್ಷೆ ಆಗಿರದಿದ್ದರೆ, ಎಂಟನೆಯ ತಿಂಗಳಲ್ಲಿ ಇನ್ನೊಮ್ಮೆ ನೋಡುತ್ತೇವೆ. ಒಂದು ಕಿಟ್ಟಿನ ಖರ್ಚನ್ನು ಮುಂದಿನ ಹದಿನೆಂಟು ತಿಂಗಳ ಕೆಲಸದ ಜೊತೆ ತೂಗಿ ನೋಡಿದರೆ ವಾದಕ್ಕೆ ಜಾಗವೇ ಇಲ್ಲ. ತಾಯಿ ಕಾರ್ಡ್‌ನಲ್ಲಿ 'ಎಚ್‌ಐವಿ ಆಗಿದೆ' ಎಂದು ಟಿಕ್ ಇದ್ದು, ಕಿಟ್ ನಂಬರಾಗಲಿ ತಾರೀಖಾಗಲಿ ಕಾಣದಿದ್ದರೆ ಪರೀಕ್ಷೆ ಆಗಿಲ್ಲ ಎಂದೇ ತಿಳಿದು ಮುಂದುವರಿಯುತ್ತೇವೆ.

ಪಾಸಿಟಿವ್ ಆದ ಬಸುರಿಗೆ ಎಆರ್‌ಟಿ ಸೆಂಟರಿನಲ್ಲಿ (ಎಚ್‌ಐವಿ ಔಷಧ ಕೊಡುವ ಕೇಂದ್ರ) ಟಿಎಲ್‌ಡಿ ಶುರು: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಮೂರೂ ಸೇರಿದ ಒಂದು ಗುಳಿಗೆ, ದಿನಕ್ಕೊಮ್ಮೆ. ಡೊಲುಟೆಗ್ರಾವಿರ್ ಬಂದ ಮೇಲೆ ವೈರಸ್ ಬಲು ಬೇಗ ಇಳಿಯುತ್ತದೆ, ಏಳನೆಯ ತಿಂಗಳಲ್ಲಿ ಸಿಕ್ಕ ತಾಯಿಗೂ ಹೆರಿಗೆಯ ಹೊತ್ತಿಗೆ ವೈರಸ್ ಅಡಗುವ ಆಸೆ ಉಳಿದಿರುತ್ತದೆ. ಆದರೆ ಇದಕ್ಕೊಂದು ವೈರಿ ಇದೆ, ಅದು ಬಸುರಿಯ ಚೀಲದಲ್ಲೇ ಇದೆ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ, ಹೊಟ್ಟೆ ಉರಿಗೆ ಕುಡಿಯುವ ಗ್ಯಾಸ್ ಸಿರಪ್ ಇವೆಲ್ಲ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಗುಳಿಗೆ ತಪ್ಪಿಸದೆ ನುಂಗಿದವಳ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಎಣಿಕೆ) ಇಳಿಯದೇ ಇದ್ದಾಗ ನಾವು ಮೊದಲು ಕೇಳುವುದು ಇದನ್ನೇ: "ಎಲ್ಲಾ ಗುಳಿಗಿ ಒಮ್ಮೆಲೆ ನುಂಗ್ತೀಯೇನವಾ?" ಬಹಳ ಸಲ ಉತ್ತರ ಹೌದು. ಎಲ್ಲ ಒಟ್ಟಿಗೆ ನುಂಗಿ ಮುಗಿಸಿದರೆ ಮರೆಯುವುದಿಲ್ಲ ಎಂಬುದು ಅವಳ ಲೆಕ್ಕ. ಟಿಎಲ್‌ಡಿಯನ್ನು ಕಬ್ಬಿಣ, ಕ್ಯಾಲ್ಸಿಯಂಗಿಂತ 2 ತಾಸು ಮೊದಲು ಅಥವಾ 6 ತಾಸು ನಂತರ ನುಂಗಬೇಕೆಂಬುದು ನಿಯಮ. ಊಟದ ಜೊತೆಗಾದರೆ ಒಟ್ಟಿಗೆ ನಡೆಯುತ್ತದೆ, ಆದರೆ ಆ ವಿನಾಯಿತಿಯನ್ನು ನಾವು ಹೇಳಿಕೊಡುವುದಿಲ್ಲ, ಗೊಂದಲವಾಗುತ್ತದೆ. ಹೇಳುವುದು ಹೀಗೆ: ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಕ್ಯಾಲ್ಸಿಯಂ, 11ಕ್ಕೆ ಕಬ್ಬಿಣ, ಮಧ್ಯಾಹ್ನ 2ಕ್ಕೆ ಇನ್ನೊಂದು ಕ್ಯಾಲ್ಸಿಯಂ, ರಾತ್ರಿ 9ಕ್ಕೆ ಮಲಗುವ ಮುಂಚೆ ಟಿಎಲ್‌ಡಿ. ಹೊಲಕ್ಕೆ ಹೋಗುವವಳಾದರೆ ಕಬ್ಬಿಣದ ಗುಳಿಗೆ ಬುತ್ತಿಗಂಟಿನಲ್ಲೇ ಇರಲಿ.

32ನೆಯ ವಾರ ತುಂಬಿದ ಕೂಡಲೇ ವೈರಲ್ ಲೋಡ್‌ಗೆ ರಕ್ತ ಕಳಿಸಬೇಕು. 32ರಿಂದ 36 ವಾರದವರೆಗೆ ಅವಕಾಶವಿದೆಯೆಂದು 36ರವರೆಗೆ ಕಾಯ್ದರೆ ರಿಪೋರ್ಟ್ ಬರುವ ಮೊದಲೇ ಹೆರಿಗೆ ಆಗಿರುತ್ತದೆ. ರಿಪೋರ್ಟ್ ಇಲ್ಲದ ತಾಯಿಯ ಕೂಸನ್ನು ಹೆಚ್ಚು ಅಪಾಯದ ಕೂಸೆಂದೇ ಎಣಿಸಬೇಕು. ಒಂದು ಸಿರಪ್ ಸಾಕಾಗುತ್ತಿದ್ದ ಕಡೆ ಸುಮ್ಮನೆ ಎರಡು ಸಿರಪ್ ಕುಡಿಸಿದಂತಾಗುತ್ತದೆ. ಎಣಿಕೆ ಒಂದು ಮಿ.ಲೀ.ಗೆ 1,000ಕ್ಕಿಂತ ಕಡಿಮೆ ಇದ್ದರೆ ವೈರಸ್ ಅಡಗಿದೆ ಎಂದರ್ಥ. ಹೆಚ್ಚಿದ್ದರೆ ಔಷಧ ಸೋತಿತು ಎಂದು ಹೌಹಾರಬೇಕಿಲ್ಲ, ಮೇಲೆ ಹೇಳಿದ ಕ್ಯಾಲ್ಸಿಯಂ ಪ್ರಶ್ನೆಯಿಂದ ಶುರುಮಾಡಿ, ಗುಳಿಗೆ ಡಬ್ಬಿ ತರಿಸಿ ಎಣಿಸಿ.

ಹೆರಿಗೆ ಸಹಜವಾಗಿಯೇ ಆಗಲಿ. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ನೀರಿನ ಚೀಲವನ್ನು ಅವಸರಕ್ಕೆ ಒಡೆಯಬಾರದು, ಕೊಯ್ತ ಅಗತ್ಯವಿದ್ದರಷ್ಟೇ. ಕೇಸ್ ಶೀಟಿನ ಮೇಲೆ ಕೆಂಪು ಅಕ್ಷರದಲ್ಲಿ ದೊಡ್ಡದಾಗಿ ಬರೆಯುವ ಚಾಳಿ ಕೆಲವು ಕಡೆ ಇನ್ನೂ ಹೋಗಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಗುಟ್ಟು ಬಿಟ್ಟುಕೊಡುವುದು ಈಗ ಬರೀ ಒರಟುತನವಲ್ಲ, ಕಾನೂನು ಮುರಿದಂತೆ. ಕೈಗವಸು, ಏಪ್ರನ್ ಪ್ರತಿ ಹೆರಿಗೆಗೂ ಇದ್ದೇ ಇರಬೇಕಾದ್ದು, ಈ ಹೆರಿಗೆಗೆ ಮಾತ್ರ ಎರಡೆರಡು ಹಾಕಿಕೊಂಡರೆ ವಾರ್ಡಿಗೆಲ್ಲ ಡಂಗುರ ಸಾರಿದ ಹಾಗೆ.

ಕೂಸಿಗೆ ಕೊಡುವ ಸಿರಪ್ಪಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಇಲ್ಲಿ ತಪ್ಪುವವರು ಬಹಳ. ತಾಯಿಯ ವೈರಲ್ ಲೋಡ್ ಅಡಗಿದ್ದರೆ ಕೂಸಿಗೆ ನೆವಿರಾಪಿನ್ ಒಂದೇ, ಆರು ವಾರ. ತಾಯಿ ಔಷಧದ ಮೇಲೆ ಇಲ್ಲದಿದ್ದರೆ, ವೈರಲ್ ಲೋಡ್ ನೋಡಿರದಿದ್ದರೆ ಅಥವಾ ಅಡಗಿರದಿದ್ದರೆ, ಹೆರಿಗೆಯ ಹೊತ್ತಿಗೆ ಅಥವಾ ಅದಾದ ಆರು ವಾರದೊಳಗೆ ಹೊಸದಾಗಿ ಗೊತ್ತಾಗಿದ್ದರೆ, ನೆವಿರಾಪಿನ್ ಜೊತೆ ಜಿಡೊವುಡಿನ್ ಕೂಡ. ಎದೆಹಾಲು ಕುಡಿಯುವ ಕೂಸಾದರೆ ಎರಡನ್ನೂ 12 ವಾರ, ಹೊರಗಿನ ಹಾಲೇ ಆದರೆ 6 ವಾರ. ತಾಯಿಗೆ ಇರುವುದು ಎಚ್‌ಐವಿ-2 ಎಂಬ ಇನ್ನೊಂದು ಬಗೆಯ ವೈರಸ್ ಆದರೆ ನೆವಿರಾಪಿನ್‌ನಿಂದ ಕೆಲಸವಿಲ್ಲ, ಆ ವೈರಸ್ಸಿಗೆ ಅದು ತಾಗುವುದೇ ಇಲ್ಲ. ಅಂಥವರನ್ನು ಹೆರಿಗೆಗೆ ಮೊದಲೇ ಎಆರ್‌ಟಿ ಸೆಂಟರಿನ ವೈದ್ಯರಿಗೆ ತೋರಿಸಿ ಬರೆಸಿಕೊಂಡಿರಬೇಕು.

ಹುಟ್ಟಿದ ಕೂಡಲೇ ಮೊದಲ ಗುಟುಕು, ತಡವಾದರೂ 6ರಿಂದ 12 ತಾಸಿನೊಳಗೆ. ನೆವಿರಾಪಿನ್ ಸಿರಪ್‌ನಲ್ಲಿ 1 ಮಿ.ಲೀ.ಗೆ 10 ಮಿ.ಗ್ರಾಂ. ಔಷಧ. ಕೂಸಿನ ತೂಕ ಎರಡೂವರೆ ಕೆಜಿಗಿಂತ ಹೆಚ್ಚಿದ್ದರೆ ದಿನಕ್ಕೊಮ್ಮೆ 1.5 ಮಿ.ಲೀ. ಎರಡರಿಂದ ಎರಡೂವರೆ ಇದ್ದರೆ 1 ಮಿ.ಲೀ. ಎರಡು ಕೆಜಿಗಿಂತ ಕಡಿಮೆ ಇದ್ದರೆ ಕೆಜಿಗೆ 2 ಮಿ.ಗ್ರಾಂ. ಲೆಕ್ಕ, 1.6 ಕೆಜಿ ಕೂಸಿಗೆ ಸುಮಾರು 0.3 ಮಿ.ಲೀ. ನಮ್ಮ ಭಾಗದಲ್ಲಿ ಕಡಿಮೆ ತೂಕದ ಕೂಸುಗಳು ಸಾಕಷ್ಟಿವೆ, ಹಾಗಾಗಿ 'ಎಲ್ಲರಿಗೂ ಒಂದೂವರೆ' ಎಂದು ಬಾಯಿಪಾಠ ಮಾಡಿಕೊಳ್ಳಬಾರದು. ಮನೆಯಲ್ಲಿ ಸಿರಪ್ ಎಂದರೆ ಚಮಚ. ಒಂದು ಚಮಚ 5 ಮಿ.ಲೀ., ಎಂದರೆ ಬೇಕಾದ್ದಕ್ಕಿಂತ ಮೂರು ಪಟ್ಟಿಗೂ ಮೇಲೆ. ಸೂಜಿ ತೆಗೆದ 2 ಮಿ.ಲೀ. ಸಿರಿಂಜ್ ಕೊಟ್ಟು, 1.5ರ ಗೆರೆಗೆ ಬಿಳಿ ಪ್ಲಾಸ್ಟರ್‌ನ ಸಣ್ಣ ಪಟ್ಟಿ ಸುತ್ತುತ್ತೇವೆ. ಅಂಕಿ ಓದಲು ಬಾರದ ಅಜ್ಜಿಯೂ "ಪಟ್ಟಿ ಮಟ್ಟ" ಎಂದರೆ ತಪ್ಪುವುದಿಲ್ಲ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು, ಔಷಧ ತಳಕ್ಕೆ ಕೂತಿರುತ್ತದೆ. ಅಲುಗಾಡಿಸದೆ ಕೊಟ್ಟರೆ ಮೊದಲ ವಾರ ನೀರು, ಕೊನೆಯ ವಾರ ಗಟ್ಟಿ ಮದ್ದು. ಕೆನ್ನೆಯ ಒಳಬದಿಗೆ ನಿಧಾನ ಬಿಡುವುದು, ಗಂಟಲಿಗೆ ಚಿಮ್ಮಿಸಬಾರದು. ಅರ್ಧ ತಾಸಿನೊಳಗೆ ಕಕ್ಕಿದರೆ ಮತ್ತೊಮ್ಮೆ ಅಷ್ಟೇ ಕೊಡುವುದು. ದಿನಕ್ಕೆ 1.5ರಂತೆ 42 ದಿನಕ್ಕೆ 63 ಮಿ.ಲೀ. ಖಾಲಿಯಾಗಬೇಕು. 45ನೆಯ ದಿನ ಬಾಟಲಿಗಳನ್ನು ತರಲು ಹೇಳಿ, ಉಳಿದದ್ದನ್ನು ಅಳೆಯುತ್ತೇವೆ. "ದಿನಾ ಕೊಟ್ಟೀನ್ರಿ" ಎಂಬ ಮಾತಿಗಿಂತ ಬಾಟಲಿ ಹೇಳುವುದು ನಿಜ.

ಎದೆಹಾಲು ಬೇಡವೆಂದು ಹೇಳುವ ಕಾಲವೂ ಹೋಯಿತು. ತಾಯಿ ಔಷಧ ತಪ್ಪಿಸದಿದ್ದರೆ ಮೊದಲ ಆರು ತಿಂಗಳು ಎದೆಹಾಲು, ಅದೊಂದೇ. ಕೂಸು ನೆಗೆಟಿವ್ ಇದ್ದರೆ ಒಂದು ವರ್ಷದವರೆಗೆ, ಪಾಸಿಟಿವ್ ಇದ್ದರೆ ಎರಡು ವರ್ಷದವರೆಗೆ. ಕೆಡುವುದು ಬೆರಕೆಯಲ್ಲಿ. ಆರು ತಿಂಗಳ ಒಳಗಿನ ಕೂಸಿನ ಕರುಳಿನ ಒಳಪದರ ಎಳೆಯದು. ಹಸುವಿನ ಹಾಲು, ಜೇನು, ಹರಳೆಣ್ಣೆ, ತೇಯ್ದ ಬಜೆ, ಗ್ರೈಪ್ ವಾಟರ್ ಬಿದ್ದಾಗ ಅಲ್ಲಿ ಉರಿ, ಸೋಂಕು, ಸಣ್ಣ ಗಾಯ ಆಗುತ್ತವೆ, ಆ ಗಾಯವೇ ಹಾಲಿನಲ್ಲಿರುವ ವೈರಸ್ಸಿಗೆ ಬಾಗಿಲು. ಬಜೆ ಬೇಡ ಎಂದು ಅಜ್ಜಿಯ ಎದುರು ನೇರ ಹೇಳಿದರೆ ಸಾವಿರ ಪ್ರಶ್ನೆ ಬರುತ್ತವೆ. ಅದಕ್ಕೆ ನಾವು ಎಲ್ಲ ಬಾಣಂತಿಯರಿಗೂ, ವಾರ್ಡಿನಲ್ಲಿ ಎಲ್ಲರೂ ಕೇಳುವಂತೆ, "ಆರು ತಿಂಗಳ ತನಾ ಒಂದು ಹನಿ ನೀರೂ ಬ್ಯಾಡ್ರಿ" ಎನ್ನುತ್ತೇವೆ. ಬೇರೆ ಯಾವ ತಾಯಿಗೂ ಇದು ಅಷ್ಟೇ ಸರಿಯಾದ ಮಾತು, ಹಾಗಾಗಿ ಒಬ್ಬಳೇ ಎದ್ದು ಕಾಣುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ "ಕೂಸಿಗೆ ನೀರಡಿಕೆ ಆಕ್ಕೈತಿ" ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಕೂಸು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ದರೆ ನೀರು ಸಾಕಷ್ಟು ಸಿಗುತ್ತಿದೆ ಎಂದು ಎಣಿಸಿ ತೋರಿಸಬೇಕು. ತೊಟ್ಟು ಒಡೆದು ರಕ್ತ ಬರುತ್ತಿದ್ದರೆ, ಎದೆ ಬಾತು ಕೀವಾಗಿದ್ದರೆ, ವಾಸಿಯಾಗುವವರೆಗೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಬದಿ ಕುಡಿಸುವುದು. ಎದೆ ಬಿಡಿಸುವುದು ಒಮ್ಮೆಲೇ ಬೇಡ, ಒಂದು ತಿಂಗಳು ಹಿಡಿಯಲಿ.

45ನೆಯ ದಿನಕ್ಕೆ ಬಂದೆವು. ಬೆರಳು ಚುಚ್ಚಿ ನೋಡುವ ಕಿಟ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಆ ಕಿಟ್ ಹುಡುಕುವುದು ವೈರಸ್ಸಿಗೆ ಎದುರಾಗಿ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳನ್ನು, ತಾಯಿಯ ಪ್ರತಿಕಾಯಗಳು ಕೂಸಿನ ರಕ್ತದಲ್ಲಿ ಹದಿನೆಂಟು ತಿಂಗಳವರೆಗೂ ಉಳಿದಿರಬಹುದು. ಖಾಸಗಿ ಲ್ಯಾಬಿನಲ್ಲಿ ಎರಡು ತಿಂಗಳ ಕೂಸಿಗೆ ಕಿಟ್ ಹಾಕಿಸಿ 'ಪಾಸಿಟಿವ್' ಚೀಟಿ ಹಿಡಿದು ಅಳುತ್ತ ಬರುವವರಿಗೆ ಮೊದಲು ಹೇಳಬೇಕಾದದ್ದು ಇದು. ನೋಡಬೇಕಾದದ್ದು ವೈರಸ್ಸನ್ನೇ, ಲ್ಯಾಬಿನ ಪಿಸಿಆರ್ ಪರೀಕ್ಷೆಯಲ್ಲಿ. ಅದಕ್ಕೆ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಕಳಿಸುವುದು ಡಿಬಿಎಸ್.

ರಕ್ತ ಹಾಕುವ ಕಾಗದದ ಕಾರ್ಡಿನ ಮೇಲಿನ ವಿವರ ಮೊದಲೇ ಬರೆದಿಡಿ, ಕೂಸು ಅಳಲು ಶುರುಮಾಡಿದ ಮೇಲೆ ಬರೆದರೆ ತಪ್ಪುತ್ತದೆ. ತಾಯಿಯ ತೊಡೆಯ ಮೇಲೆ ಕೂಸನ್ನು ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿದ್ದಿರಲಿ. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನಾಲ್ಕೈದು ನಿಮಿಷ ಪಾದಕ್ಕೆ ಸುತ್ತಿದರೆ ರಕ್ತ ತಾನಾಗಿ ಇಳಿಯುತ್ತದೆ. ಚುಚ್ಚುವುದು ಹಿಮ್ಮಡಿಯ ಪಕ್ಕಕ್ಕೆ, ನಡುವೆ ಅಲ್ಲ, ನಡುವೆ ಎಲುಬು ಮೇಲಕ್ಕೇ ಇರುತ್ತದೆ. ಐದು ಕೆಜಿ ದಾಟಿದ ಕೂಸಿಗೆ ಕಾಲಿನ ಹೆಬ್ಬೆರಳು, ಹತ್ತು ದಾಟಿದರೆ ಕೈಬೆರಳು. ಸ್ಪಿರಿಟ್ ಪೂರ್ತಿ ಆರಬೇಕು, ಹಸಿ ಇದ್ದರೆ ಕಾಗದದ ಮೇಲೆ ರಕ್ತದ ಸುತ್ತ ನೀರಿನ ಉಂಗುರ ಮೂಡುತ್ತದೆ. ಮೊದಲ ಹನಿಯನ್ನು ಒಣ ಹತ್ತಿಯಿಂದ ಒರೆಸಿ, ಎರಡನೆಯದು ದಪ್ಪವಾಗಿ ತೂಗುವವರೆಗೆ ಕಾಯಿರಿ. ಆ ಹನಿಗೆ ಕಾಗದವನ್ನು ಮುಟ್ಟಿಸಬೇಕು, ಚರ್ಮಕ್ಕೆ ತಾಗಬಾರದು. ಕಾರ್ಡಿನ ಒಂದು ವೃತ್ತಕ್ಕೆ ಒಂದೇ ಹನಿ, ಹಿಂಬದಿಗೂ ಇಂಗಿರಬೇಕು. ಅರ್ಧ ತುಂಬಿದ ವೃತ್ತದ ಮೇಲೆ ಇನ್ನೊಂದು ಹನಿ ಹಾಕಿದರೆ ಪದರ ಕಟ್ಟುತ್ತದೆ, ಲ್ಯಾಬಿನವರು ತಿರಸ್ಕರಿಸುತ್ತಾರೆ. ಕನಿಷ್ಠ ಮೂರು ವೃತ್ತ ಚೊಕ್ಕ ತುಂಬಿರಬೇಕು. ಹಿಮ್ಮಡಿಯನ್ನು ಹಿಂಡಬೇಡಿ. ಹೊಸಬರೆಲ್ಲ ಮಾಡುವ ತಪ್ಪು ಇದೇ, ಹಿಂಡಿದರೆ ರಕ್ತದ ಜೊತೆ ಮೈಯ ನೀರು ಬೆರೆತು ತೆಳುವಾಗುತ್ತದೆ. ರಕ್ತ ನಿಂತರೆ ಬೇರೆ ಜಾಗಕ್ಕೆ ಹೊಸ ಲ್ಯಾನ್ಸೆಟ್ (ಚುಚ್ಚುವ ಮೊನೆ).

ಒಣಗಿಸುವುದು ಚುಚ್ಚುವುದಕ್ಕಿಂತ ಹೆಚ್ಚು ತಾಳ್ಮೆಯ ಕೆಲಸ. ಸ್ಟ್ಯಾಂಡಿನ ಮೇಲೆ ಅಡ್ಡಲಾಗಿ, ಒಂದಕ್ಕೊಂದು ತಾಗದಂತೆ, ನಾಲ್ಕು ತಾಸು. ಬಿಸಿಲಿಗಿಟ್ಟರೆ ಬೇಗ ಆಗುತ್ತದೆ ಎಂದು ಕಿಟಕಿಗೆ ಇಟ್ಟರೆ ಹಾಳು, ಫ್ಯಾನಿನ ಕೆಳಗೂ ಬೇಡ, ದೂಳು ಬರುತ್ತದೆ. ನೊಣ ಕೂತರೂ ಮುಗಿಯಿತು. ಮಳೆಗಾಲದಲ್ಲಿ ರಾತ್ರಿಯಿಡೀ ಬಿಡುತ್ತೇವೆ. ಕೆಂಪು ಬಣ್ಣ ಹೋಗಿ ಒಂದೇ ಸಮನೆ ಕಂದು ಬಂದ ಮೇಲೆ ನುಣುಪು ಕಾಗದ ಸುತ್ತಿ, ಜಿಪ್ ಚೀಲದಲ್ಲಿ ಸಿಲಿಕಾ ಪುಡಿಕೆ ಮತ್ತು ತೇವ ತೋರಿಸುವ ಚೀಟಿಯ ಜೊತೆ ಮುಚ್ಚುವುದು. ಚೀಟಿಯ ನೀಲಿ ಚುಕ್ಕೆ ಗುಲಾಬಿಗೆ ತಿರುಗಿದ್ದರೆ ಪುಡಿಕೆ ಬದಲಿಸಿ. ಒಂದು ಕಾರ್ಡ್ ತಿರಸ್ಕಾರವಾದರೆ ತಾಯಿಯನ್ನು ಮತ್ತೆ ಕರೆಸಬೇಕು. ಅವಳು ಆ ಹೊತ್ತಿಗೆ ತವರಿನಿಂದ ಗಂಡನ ಮನೆಗೆ ಹೋಗಿರುತ್ತಾಳೆ.

ಅದೇ ದಿನ ಕೋಟ್ರಿಮಾಕ್ಸಜೋಲ್ ಸಿರಪ್ ಶುರು, ಐದು ಕೆಜಿಯ ಒಳಗಿನ ಕೂಸಿಗೆ ದಿನಕ್ಕೊಮ್ಮೆ 2.5 ಮಿ.ಲೀ. ಸೋಂಕಿದ್ದರೆ ಮೊದಲ ತಿಂಗಳುಗಳಲ್ಲಿ ಕೊಲ್ಲುವ ಒಂದು ಬಗೆಯ ನ್ಯುಮೋನಿಯಾಕ್ಕೆ ಇದು ತಡೆ. ಎಚ್‌ಐವಿ ಇಲ್ಲವೆಂದು ಖಾತ್ರಿಯಾಗುವವರೆಗೆ ನಿಲ್ಲಿಸಬಾರದು.

45ನೆಯ ದಿನ ತಪ್ಪುವುದು ಕಡಿಮೆ, ಏಕೆಂದರೆ ಅದು ಒಂದೂವರೆ ತಿಂಗಳ ಸೂಜಿಯ ದಿನವೂ ಹೌದು. ಮನೆಯವರೇ ಕರೆತರುತ್ತಾರೆ, ಯಾರೂ ಯಾಕೆಂದು ಕೇಳುವುದಿಲ್ಲ. ಹದಿನೆಂಟನೆಯ ತಿಂಗಳಿಗೂ ಬೂಸ್ಟರ್ ಸೂಜಿಯ ನೆಪವಿದೆ. ಪುಟಗಳಲ್ಲಿ ಖಾಲಿ ಉಳಿಯುವುದು ಆರನೆಯ ಮತ್ತು ಹನ್ನೆರಡನೆಯ ತಿಂಗಳ ಸಾಲು. ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಮೂರೂವರೆ ತಿಂಗಳಾದ ಮೇಲೆ ಮುಂದಿನ ಸೂಜಿ ಒಂಬತ್ತಕ್ಕೇ, ನಡುವೆ ಆಸ್ಪತ್ರೆಗೆ ಬರಲು ಅವಳಿಗೆ ನೆಪವೇ ಇಲ್ಲ. 45ನೆಯ ದಿನದ ನೆಗೆಟಿವ್ ರಿಪೋರ್ಟ್ ಕೈಗೆ ಬಂದ ಮೇಲಂತೂ ಮುಗಿಯಿತು ಎಂದೇ ತಿಳಿಯುತ್ತಾರೆ. ಕೂಸು ಎದೆಹಾಲು ಕುಡಿಯುತ್ತಿರುವವರೆಗೂ ಅಪಾಯ ಮುಗಿದಿಲ್ಲ. ಆರನೆಯ ತಿಂಗಳನ್ನು ನಾವು ಅಂಗನವಾಡಿಯ ಪೂರಕ ಆಹಾರಕ್ಕೆ ಕಟ್ಟಿದ್ದೇವೆ: ಅನ್ನ ಶುರುಮಾಡುವ ಮುಂಚೆ ತೂಕ ಮಾಡಿಸಬೇಕು, ಆಸ್ಪತ್ರೆಗೆ ಬನ್ನಿ. ಹನ್ನೆರಡಕ್ಕೆ ಅಂಥ ನೆಪ ಇನ್ನೂ ಸಿಕ್ಕಿಲ್ಲ, ಫೋನ್ ಮಾಡಿ ಮಾಡಿಯೇ ಕರೆಸಬೇಕು.

ಪಿಸಿಆರ್ ಪಾಸಿಟಿವ್ ಬಂದರೆ ಖಾತ್ರಿಗೆ ಎರಡನೆಯ ಕಾರ್ಡ್ ಅಂದೇ ಕಳಿಸಿ, ಕೂಸನ್ನೂ ತಾಯಿಯನ್ನೂ ಅದೇ ವಾರ ಎಆರ್‌ಟಿ ಸೆಂಟರಿಗೆ ಮುಟ್ಟಿಸಬೇಕು. ಚಿಕಿತ್ಸೆ ಇಲ್ಲದೆ ಬಿಟ್ಟರೆ ಸೋಂಕಿತ ಕೂಸುಗಳಲ್ಲಿ ಮೂರನೆಯ ಒಂದು ಭಾಗ ವರ್ಷ ತುಂಬುವುದರೊಳಗೆ, ಅರ್ಧದಷ್ಟು ಎರಡು ವರ್ಷದೊಳಗೆ ತೀರಿಕೊಳ್ಳುತ್ತವೆ. ದಕ್ಷಿಣ ಆಫ್ರಿಕಾದ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಲಕ್ಷಣಕ್ಕೆ ಕಾಯದೆ ಮೊದಲ ವಾರಗಳಲ್ಲೇ ಔಷಧ ಶುರುಮಾಡಿದ ಕೂಸುಗಳಲ್ಲಿ ಸಾವು ನೂರಕ್ಕೆ 76ರಷ್ಟು ಕಡಿಮೆ ಇತ್ತು. ಅಲ್ಲಿಂದಾಚೆಗೆ ಸಿಡಿ4 ನೋಡೋಣ, ತೂಕ ನೋಡೋಣ ಎಂಬ ಮಾತಿಗೆ ಬೆಲೆ ಇಲ್ಲ.

ಮಕ್ಕಳ ಔಷಧದಲ್ಲಿ ನಿಜವಾದ ಬದಲಾವಣೆ ಕಂಡದ್ದು ಡೊಲುಟೆಗ್ರಾವಿರ್ 10 ಮಿ.ಗ್ರಾಂ. ಕರಗುವ ಗುಳಿಗೆ ಬಂದ ಮೇಲೆ. ಅದಕ್ಕೆ ಮುಂಚೆ ಇದ್ದ ಲೋಪಿನಾವಿರ್ ಸಿರಪ್ ಬಾಯಿಗಿಡಲಾಗದಷ್ಟು ಕಹಿ, ನೂರಕ್ಕೆ 42 ಪಾಲು ಆಲ್ಕೋಹಾಲ್, ಫ್ರಿಡ್ಜ್ ಬೇರೆ ಬೇಕು. 42 ಡಿಗ್ರಿ ಬಿಸಿಲಿನ ರಾಯಚೂರಿನ ಹಳ್ಳಿಯಲ್ಲಿ, ದಿನಕ್ಕೆ ಎಷ್ಟೋ ತಾಸು ಕರೆಂಟ್ ಇಲ್ಲದ ಮನೆಯಲ್ಲಿ, ಆ ಸಿರಪ್ ಕೊಟ್ಟು ಕಳಿಸುವಾಗ ಕೊಡುವವರಿಗೇ ನಂಬಿಕೆ ಇರುತ್ತಿರಲಿಲ್ಲ. 2021ರಲ್ಲಿ ಪ್ರಕಟವಾದ ಒಡಿಸ್ಸಿ ಪ್ರಯೋಗ ಮಕ್ಕಳಲ್ಲಿ ಡೊಲುಟೆಗ್ರಾವಿರ್ ಹಳೆಯ ಔಷಧಗಳಿಗಿಂತ ಮೇಲು ಎಂದು ತೋರಿಸಿತು. ಇದರ ಜೊತೆಗೆ ಅಬಾಕಾವಿರ್ 120, ಲ್ಯಾಮಿವುಡಿನ್ 60 ಸೇರಿದ ಕರಗುವ ಗುಳಿಗೆ. ಎರಡೂ ದಿನಕ್ಕೊಮ್ಮೆ.

ಲೆಕ್ಕ ತೂಕದ ಮೇಲೆ. 3ರಿಂದ 5.9 ಕೆಜಿಗೆ ಡೊಲುಟೆಗ್ರಾವಿರ್ ಅರ್ಧ, ಅಬಾಕಾವಿರ್-ಲ್ಯಾಮಿವುಡಿನ್ ಒಂದು. 6ರಿಂದ 9.9ಕ್ಕೆ ಎರಡೂ ಒಂದೂವರೆ. 10ರಿಂದ 13.9ಕ್ಕೆ ಎರಡೆರಡು. 14ರಿಂದ 19.9ಕ್ಕೆ ಎರಡೂವರೆ. 20 ದಾಟಿದ ಮೇಲೆ ದೊಡ್ಡವರ 50 ಮಿ.ಗ್ರಾಂ. ಡೊಲುಟೆಗ್ರಾವಿರ್, 30 ದಾಟಿದರೆ ಟಿಎಲ್‌ಡಿಯೇ. ಆರು ಕೆಜಿಯ ಗೆರೆಯನ್ನು ಗಮನಿಸಿ: ಡೊಲುಟೆಗ್ರಾವಿರ್ ಅರ್ಧದಿಂದ ಒಂದೂವರೆಗೆ, ಮೂರು ಪಟ್ಟು ಹಾರುತ್ತದೆ. ಕೂಸು ಚೆನ್ನಾಗಿ ಬೆಳೆಯತೊಡಗಿ ಎರಡು ತಿಂಗಳಲ್ಲಿ 5.4ರಿಂದ 6.3ಕ್ಕೆ ಬಂದಿರುತ್ತದೆ, ತೂಕ ಮಾಡದೆ ಹಳೆಯ ಚೀಟಿಯಂತೆ ಅರ್ಧವೇ ಮುಂದುವರಿದರೆ ಔಷಧ ಸಾಲದೆ ವೈರಸ್ ಮತ್ತೆ ತಲೆ ಎತ್ತುತ್ತದೆ. ಹಾಗಾಗಿ ಮೊದಲ ವರ್ಷ ಔಷಧದ ಕಿಟಕಿಗಿಂತ ಮೊದಲು ತಕ್ಕಡಿ. ಇನ್ನೊಂದು ಎಚ್ಚರ: ಕರಗುವ ಗುಳಿಗೆ ಮೈಗೆ ಹೆಚ್ಚು ಸೇರುತ್ತದೆ, ಹಾಗಾಗಿ ದೊಡ್ಡವರ 50ರ ಗುಳಿಗೆಯನ್ನು ಮುರಿದು ಅದರ ಬದಲು ಕೊಡುವ ಲೆಕ್ಕ ಕೂಡುವುದಿಲ್ಲ.

ಎರಡು ಚಮಚ ಕಾಯಿಸಿ ಆರಿಸಿದ ನೀರಲ್ಲಿ ಗುಳಿಗೆ ಹಾಕಿ, ಕರಗಿದ ಮೇಲೆ ಅರ್ಧ ತಾಸಿನೊಳಗೆ ಕುಡಿಸಬೇಕು. ಲೋಟದ ತಳದಲ್ಲಿ ಬಿಳಿ ಗಸಿ ಉಳಿಯುತ್ತದೆ, ಇನ್ನೊಂದು ಚಮಚ ನೀರು ಹಾಕಿ ಅದನ್ನೂ ಕುಡಿಸಿ, ಔಷಧದ ಒಂದು ಪಾಲು ಅಲ್ಲೇ ಇರುತ್ತದೆ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಆಗಬೇಕು. ಟಿಬಿ ಕಡೆಯವರಿಗೂ ನಮಗೂ ಮಾತಿಲ್ಲದಿದ್ದರೆ ಇದು ತಪ್ಪಿಯೇ ತಪ್ಪುತ್ತದೆ.

ದೊಡ್ಡ ಮಕ್ಕಳ ಕಷ್ಟ ಬೇರೆ. ಏಳೆಂಟು ವರ್ಷಕ್ಕೆ "ನಾ ಯಾಕ ದಿನಾ ಗುಳಿಗಿ ನುಂಗಬೇಕು?" ಎಂಬ ಪ್ರಶ್ನೆ ಬಂದೇ ಬರುತ್ತದೆ. "ಶಕ್ತಿ ಗುಳಿಗಿ" ಎಂದು ಹೇಳಿದ ಮನೆಗಳಲ್ಲಿ ಮಗು ಗಟ್ಟಿಯಾದೆ ಎಂದು ತಾನೇ ನಿಲ್ಲಿಸುತ್ತದೆ. ಆ ವಯಸ್ಸಿಗೆ "ರಕ್ತದಾಗ ಒಂದು ಹುಳ ಮಲಗೇತಿ, ಗುಳಿಗಿ ಅದನ್ನ ಎಬ್ಬಸಂಗಿಲ್ಲ" ಎಂಬಷ್ಟು ಹೇಳಿ, ಹತ್ತು ಹನ್ನೆರಡಕ್ಕೆ ಹೆಸರು ಹೇಳುತ್ತೇವೆ, ಪಾಲಕರು ಎದುರಿಗಿರುವಾಗ, ಅವರ ಬಾಯಿಂದಲೇ. ಹಾಸ್ಟೆಲ್ ಸೇರುವ ಮಕ್ಕಳಿಗೆ ಲೇಬಲ್ ತೆಗೆದ ಸಣ್ಣ ಡಬ್ಬಿ, ರಾತ್ರಿ ಊಟದ ನಂತರದ ಹೊತ್ತು. ಡಬ್ಬಿ ಗಲಗಲ ಸದ್ದು ಮಾಡದಂತೆ ಒಳಗೆ ಹತ್ತಿ ತುರುಕುವುದನ್ನು ನಮಗೆ ಕಲಿಸಿಕೊಟ್ಟವರು ಮಕ್ಕಳೇ.

ಗುಳೆಗೆ ಮೊದಲು, ಸುಗ್ಗಿ ಮುಗಿಯುತ್ತಿದ್ದಂತೆ, ಪುಟಗಳನ್ನೊಮ್ಮೆ ತಿರುವಿ ಯಾರು ಹೊರಡುತ್ತಾರೆ ಎಂದು ಕೇಳಿಕೊಳ್ಳುತ್ತೇವೆ. ದೊಡ್ಡವರಿಗೆ ಎರಡು ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಬಹುದು. ಹತ್ತು ಕೆಜಿಯ ಒಳಗಿನ ಕೂಸಿಗೆ ಹಾಗೆ ಕೊಡಲು ನಾವು ಹಿಂಜರಿಯುತ್ತೇವೆ, ಅಷ್ಟರಲ್ಲಿ ತೂಕದ ಗೆರೆ ದಾಟಿರುತ್ತದೆ. ಹೋಗುವ ಊರಿಗೆ ಹತ್ತಿರದ ಎಆರ್‌ಟಿ ಸೆಂಟರಿನ ಹೆಸರನ್ನು ಅವರ ಚಿಕಿತ್ಸೆಯ ಪುಸ್ತಕದಲ್ಲಿ ಬರೆದುಕೊಟ್ಟು, ಅಲ್ಲಿಯ ಕೌನ್ಸೆಲರ್‌ಗೆ ಮೊದಲೇ ಫೋನ್ ಮಾಡಿಡುತ್ತೇವೆ. ಪುಸ್ತಕ ಕಳೆದರೆ ಕರೆ ಮಾಡಲು 1097, ಹಣ ಹೋಗುವುದಿಲ್ಲ.

ಹದಿನೆಂಟು ತಿಂಗಳಿಗೆ ಕೊನೆಯ ಪರೀಕ್ಷೆ, ಮೊದಲಿನ ರಿಪೋರ್ಟ್ ಏನೇ ಇದ್ದರೂ. ದೊಡ್ಡವರಿಗೆ ಹಾಕುವ ಅದೇ ಕಿಟ್‌ಗಳು. ಅಷ್ಟೊತ್ತಿಗೂ ಎದೆಹಾಲು ಬಿಟ್ಟಿರದಿದ್ದರೆ, ಬಿಟ್ಟ ಮೇಲೆ ಇನ್ನೊಮ್ಮೆ. ನೆಗೆಟಿವ್ ಬಂದರೆ ಕೋಟ್ರಿಮಾಕ್ಸಜೋಲ್ ನಿಲ್ಲಿಸಿ, ಪುಟದ ಮೂಲೆಯನ್ನು ಒಳಕ್ಕೆ ಮಡಚಿಡುತ್ತೇವೆ. ಹರಿಯುವುದಿಲ್ಲ. ಅದೇ ತಾಯಿ ಮತ್ತೆ ಬಸುರಿಯಾಗಿ ಬಂದಾಗ ಆ ಮೂರು ಫೋನ್ ನಂಬರುಗಳಲ್ಲಿ ಯಾವುದು ಹತ್ತುತ್ತಿತ್ತು ಎಂದು ನೋಡಿಕೊಳ್ಳಲು ಬೇಕಾಗುತ್ತದೆ.